ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಬ್ಯಾಚ್ ದಾವಣಗೆರೆ: ಪೋಸ್ಟ್ ಬೇಸಿಕ್ ಜಗಳ

ಸವಿತಾ: (ಫಾರ್ವರ್ಡ್) ನ್ಯೂಯಾರ್ಕ್ ರಾಜ್ಯದಲ್ಲಿ 2017ರಲ್ಲಿ ಕಾನೂನು ಬಂದಿದೆ. ಹೊಸದಾಗಿ ರಿಜಿಸ್ಟರ್ ಆದ ನರ್ಸ್‌ಗಳು 10 ವರ್ಷದೊಳಗೆ ಪದವಿ ಮುಗಿಸಬೇಕು. ಎಲ್ಲರೂ ಓದಿ. ನಾವೂ ಪೋಸ್ಟ್ ಬೇಸಿಕ್ ಬಿಎಸ್‌ಸಿ, ಅಂದರೆ ಡಿಪ್ಲೊಮಾ ಆದಮೇಲಿನ ನರ್ಸಿಂಗ್ ಪದವಿ, ಮಾಡಲೇಬೇಕು.

ಬಸವರಾಜ: ಅದು ಅಮೆರಿಕ ಕಣಮ್ಮ. ಇಲ್ಲಿ ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೇ ಜಿಎನ್‌ಎಂ ಸಾಕು, 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು ಅಷ್ಟೇ. ಐಸಿಯುನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಏನು ಕಲಿಸುತ್ತಾರೆ?

ಸವಿತಾ: ಬಸಣ್ಣ, 2003ರಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕೆನ್ ಅವರ ತಂಡ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದಿತ್ತು. ಪದವಿ ಇರುವ ನರ್ಸ್‌ಗಳ ಪಾಲು ಶೇ 10ರಷ್ಟು ಜಾಸ್ತಿ ಇದ್ದ ಕಡೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 5ರಷ್ಟು ಕಡಿಮೆ ಇತ್ತು. ಬರೀ ಅನುಭವದ ವರ್ಷಗಳಿಂದ ಆ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿನ್ನ ಕೆಲಸವನ್ನು ಕೀಳು ಮಾಡುತ್ತಿಲ್ಲ, ಆದರೆ ಎಂಎಸ್‌ಸಿ ಸೇರಬೇಕು ಅಂದರೆ ಪದವಿ ಬೇಕೇ ಬೇಕು ಅಲ್ವಾ.

ಮಂಜುಳಾ: ಅದೇ ತಂಡ 2002ರಲ್ಲಿ ಹೇಳಿದ್ದನ್ನು ಯಾಕೆ ಬಿಟ್ಟೆ ಸವಿತಾ? ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದರೂ ಸಾವಿನ ಸಾಧ್ಯತೆ ಶೇ 7 ಏರುತ್ತದೆ. ಪೋಸ್ಟ್ ಬೇಸಿಕ್ ಅಂದರೆ 2 ವರ್ಷದ ರೆಗ್ಯುಲರ್ ಕೋರ್ಸ್. ನೀನು, ಲಕ್ಷ್ಮಿ ಇಬ್ಬರೂ ಹೊರಟರೆ ನಿಮ್ಮ ಬೆಡ್‌ಗಳು ಯಾರ ಪಾಲಿಗೆ? ವಾರ್ಡಲ್ಲಿ ಉಳಿದವರ ಪಾಲಿಗೆ.

ಲಕ್ಷ್ಮಿ: ನನ್ನ ಕಷ್ಟ ಬೇರೆ ಅಕ್ಕ. ಹರಿಹರದಿಂದ ಬಸ್ಸಲ್ಲಿ ಬಂದು ನೈಟ್ ಡ್ಯೂಟಿ ಮಾಡುತ್ತೇನೆ, ಮನೆಯಲ್ಲಿ ಇಎಂಐ ಇದೆ. ಓದುವ ಆಸೆ ತುಂಬಾ ಇದೆ. ರಜೆ ಕೇಳಿದರೆ ರಾಜೀನಾಮೆ ಕೊಟ್ಟು ಹೋಗು ಅಂದರು. ಪದವಿ ಇಲ್ಲ ಅಂತ ವಾರ್ಡ್ ಇನ್‌ಚಾರ್ಜ್ ಮಾಡಲ್ಲ, ಪದವಿಗೆ ಹೋಗೋಕೂ ಬಿಡಲ್ಲ.

ಬಸವರಾಜ: ಅದಕ್ಕೇ ಹೇಳಿದ್ದು, ಸುಮ್ನೆ ಇರೋಣ.

ಮಂಜುಳಾ: ಸುಮ್ನೆ ಇರೋದು ಬೇಡ ಬಸು. ಓದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ನಮ್ಮ ಓದಿನಿಂದ ರೋಗಿ ಬದುಕುತ್ತಾನೆ, ಆಸ್ಪತ್ರೆಗೆ ಹೆಸರು ಬರುತ್ತದೆ, ಖರ್ಚು ಮಾತ್ರ ಲಕ್ಷ್ಮಿ ಒಬ್ಬಳದ್ದಾ? ಸಂಬಳದ ಜೊತೆ ರಜೆ ಕೊಡಲಿ, ಬೇಕಾದರೆ ಓದಿ ಬಂದು ಇಲ್ಲೇ ಕೆಲಸ ಮಾಡುತ್ತೇವೆ ಅಂತ ಬಾಂಡ್ ಬರೆಸಿಕೊಳ್ಳಲಿ, ವರ್ಷಕ್ಕೆ ಇಬ್ಬರಂತೆ ಸರದಿ ಮೇಲೆ ಕಳಿಸಲಿ. ಓದಿ ಬಂದವಳಿಗೆ ಗ್ರೇಡ್ ಏರಿಸಲಿ, ಇಲ್ಲದಿದ್ದರೆ ಯಾಕೆ ಓದಬೇಕು?

ಸವಿತಾ: ಸರಿ ಮಂಜಕ್ಕ. ಅರ್ಜಿ ನಾನೇ ಬರೆಯುತ್ತೇನೆ. ನಾಳೆ ಇಲ್ಲೇ ಹಾಕುತ್ತೇನೆ, ಎಲ್ಲರೂ ಸಹಿ ಮಾಡಿ.

ಬಸವರಾಜ: ಹೋದವರ ಜಾಗಕ್ಕೆ ಬದಲಿ ಸ್ಟಾಫ್ ಬೇಕು ಅನ್ನೋದನ್ನ ಮೊದಲನೇ ಸಾಲಲ್ಲೇ ಬರಿ. ಅದಿದ್ದರೆ ನನ್ನ ಸಹಿ ಇರುತ್ತದೆ.