ಸಹಾಯ ಬೇಕು: ಒಂದೇ ಲ್ಯಾಪ್‌ಟಾಪ್, ಇಬ್ಬರು ಮಕ್ಕಳ ಶಾಲಾ ಖಾತೆ

ಎಲ್ಲರಿಗೂ ನಮಸ್ಕಾರ. ಮಕ್ಕಳಿಬ್ಬರಿಗೂ ಶಾಲೆಯಿಂದ ಬೇರೆ ಬೇರೆ ಲಾಗಿನ್ ಕೊಟ್ಟಿದ್ದಾರೆ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಮಗಳು ಹೋಂವರ್ಕ್‌ನ ಲಿಂಕ್ ಒತ್ತಿದರೆ ಅದು ನನ್ನ ಕಚೇರಿಯ ಖಾತೆಯಲ್ಲೋ ಅವಳ ತಮ್ಮನ ಖಾತೆಯಲ್ಲೋ ತೆರೆದುಕೊಂಡು ‘ನಿಮಗೆ ಅನುಮತಿ ಇಲ್ಲ’ ಎನ್ನುತ್ತದೆ. ಉತ್ತರವೆಲ್ಲ ಬರೆದು ಮುಗಿಸಿರುತ್ತಾಳೆ, ಸಲ್ಲಿಸಲು ಮಾತ್ರ ಆಗುವುದಿಲ್ಲ. ಗಡುವು ಅದೇ ರಾತ್ರಿಯದು. ಅವಳು ಅಳುತ್ತಾಳೆ, ನನ್ನ ದನಿ ಏರುತ್ತದೆ. ಜೊತೆಗೆ ಕುಳಿತು ಓದಿಸಬೇಕಾದ ಸಂಜೆಯೆಲ್ಲ ಪಾಸ್‌ವರ್ಡ್ ಹಾಕುವುದರಲ್ಲೇ ಕಳೆಯುತ್ತಿದೆ, ನಿಜಕ್ಕೂ ಸಂಕಟವಾಗುತ್ತದೆ.

ಲಾಗ್‌ಔಟ್ ಮಾಡಿ ನೋಡಿದೆವು, ಕುಕೀಗಳನ್ನು (ಲಾಗಿನ್ ನೆನಪಿಟ್ಟುಕೊಳ್ಳಲು ಬ್ರೌಸರ್ ಉಳಿಸಿಕೊಳ್ಳುವ ಮಾಹಿತಿ) ಅಳಿಸಿದೆವು. ಇನ್‌ಕಾಗ್ನಿಟೊದಲ್ಲಿ, ಅಂದರೆ ಬ್ರೌಸರ್‌ನ ಖಾಸಗಿ ವಿಂಡೋದಲ್ಲಿ, ಸರಿಯಾಗಿ ತೆರೆಯುತ್ತದೆ, ಆದರೆ ಮುಚ್ಚಿದೊಡನೆ ಲಾಗಿನ್ ಹೋಗಿಬಿಡುತ್ತದೆ. ಶಿಕ್ಷಕರು ‘ನಮ್ಮ ಕಡೆ ಸರಿಯಾಗಿದೆ’ ಎಂದರು. ಪಾಪ, ಅವರಿಗೂ ಇದನ್ನೆಲ್ಲ ಯಾರೂ ಕಲಿಸಿರಲಿಕ್ಕಿಲ್ಲ.

ಬ್ರೌಸರ್‌ನಲ್ಲಿ ಒಬ್ಬೊಬ್ಬರಿಗೆ ಪ್ರತ್ಯೇಕ ಪ್ರೊಫೈಲ್ (ಅವರವರ ಲಾಗಿನ್ ಬೇರೆ ಬೇರೆಯಾಗಿ ಉಳಿಯುವ ವ್ಯವಸ್ಥೆ) ಮಾಡಬಹುದು, ವಿಂಡೋಸ್‌ನಲ್ಲಿಯೇ ಪ್ರತ್ಯೇಕ ಬಳಕೆದಾರರ ಖಾತೆಯನ್ನೂ ಮಾಡಬಹುದು ಎಂದು ಓದಿದೆ. ನನ್ನ ಗೊಂದಲ ಇಲ್ಲೇ ಇದೆ. ಪ್ರೊಫೈಲ್ ಮಾಡಿದರೂ, ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿದಾಗ ಅದು ಯಾರ ಪ್ರೊಫೈಲ್‌ನಲ್ಲಿ ತೆರೆದುಕೊಳ್ಳುತ್ತದೆ? ನಾನು ಪಕ್ಕದಲ್ಲಿಲ್ಲದಿದ್ದರೂ ಮಕ್ಕಳೇ ನಿಭಾಯಿಸಲು ಈ ಎರಡರಲ್ಲಿ ಯಾವುದು ಸೂಕ್ತ? ಮನೆಯಲ್ಲಿ ಬಳಸಿ ನೋಡಿದವರು ದಯವಿಟ್ಟು ತಿಳಿಸಿ.