ಸಹಾಯ ಬೇಕು: ವಿಮ್ ಸ್ಕ್ರಿಪ್ಟ್‌ನ ಕರ್ಸರ್ ಸ್ಥಾನದ ಫಂಕ್ಷನ್‌ಗಳಿಗೆ ಕನ್ನಡ ವಿವರಣೆ

ವಿಮ್ ಎಡಿಟರ್‌ನ ಸ್ಕ್ರಿಪ್ಟ್ ಭಾಷೆಯಲ್ಲಿ ಕರ್ಸರ್ ಸ್ಥಾನವನ್ನು ತಿಳಿಸುವ ಫಂಕ್ಷನ್‌ಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುತ್ತಿದ್ದೇನೆ; ಕರಡನ್ನು ಪರಿಶೀಲಿಸಲು ಬಲ್ಲವರ ನೆರವು ಬೇಕಾಗಿದೆ.

ಮುಖ್ಯ ತೊಡಕಿರುವುದು ಎಣಿಕೆಯಲ್ಲಿ. ‘ಕಾಲ್’ (col) ಫಂಕ್ಷನ್ ಬೈಟ್‌ಗಳನ್ನು ಎಣಿಸುತ್ತದೆ, ‘ಚಾರ್‌ಕಾಲ್’ (charcol) ಅಕ್ಷರಗಳನ್ನು ಎಣಿಸುತ್ತದೆ, ‘ವರ್ಟ್‌ಕಾಲ್’ (virtcol) ಪರದೆಯ ಮೇಲಿನ ಕಾಲಮ್ ಅನ್ನು ಕೊಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಸಾಲಿನ ಆರಂಭದಲ್ಲಿರುವ ‘ನಗರ’ ಪದದ ‘ರ’ದ ಮೇಲೆ ಕರ್ಸರ್ ಇದ್ದಾಗ ಮೊದಲನೆಯದು 7 ಎಂದೂ ಎರಡನೆಯದು 3 ಎಂದೂ ಉತ್ತರಿಸುತ್ತವೆ. ಇಂಗ್ಲಿಷ್ ಉದಾಹರಣೆಗಳಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸ್ಥಾನವನ್ನು ಪಟ್ಟಿಯಾಗಿ ಕೊಡುವ ಫಂಕ್ಷನ್‌ಗಳಲ್ಲಿ ‘ಗೆಟ್‌ಪಾಸ್’ (getpos) 4 ಸಂಖ್ಯೆಗಳ ಪಟ್ಟಿಯನ್ನು ಕೊಟ್ಟರೆ, ‘ಗೆಟ್‌ಕರ್‌ಪಾಸ್’ (getcurpos) ಐದನೆಯದಾಗಿ, ಮೇಲೆ ಕೆಳಗೆ ಚಲಿಸುವಾಗ ಕರ್ಸರ್ ಉಳಿಸಿಕೊಳ್ಳಲು ಬಯಸುವ ಕಾಲಮ್ ಅನ್ನೂ ಸೇರಿಸುತ್ತದೆ. ಇವೆರಡರಲ್ಲೂ ಕಾಲಮ್ 1ರಿಂದ ಆರಂಭವಾಗುತ್ತದೆ. ವಿಂಡೋದ ಸದ್ಯದ ನೋಟವನ್ನು ಉಳಿಸಿಕೊಳ್ಳಲು ಬಳಸುವ ‘ವಿನ್‌ಸೇವ್‌ವ್ಯೂ’ (winsaveview) ಕೊಡುವ ಕಾಲಮ್ ಮಾತ್ರ ಸೊನ್ನೆಯಿಂದ. ಹೊಸಬರನ್ನು ಹೆಚ್ಚು ಕಾಡುವುದು ಇದೇ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಇದನ್ನು ಅಡಿಟಿಪ್ಪಣಿಗೆ ತಳ್ಳದೆ ವಿವರಣೆಯ ಮೊದಲಿಗೇ ಇಟ್ಟಿದ್ದೇನೆ.

ದಯವಿಟ್ಟು ‘ಸ್ತ್ರೀ’, ‘ಕರ್ನಾಟಕ’ ಮುಂತಾದ ಒತ್ತಕ್ಷರ ಮತ್ತು ಸ್ವರಚಿಹ್ನೆಗಳಿರುವ ಪದಗಳ ಪ್ರತಿ ಅಕ್ಷರದ ಮೇಲೂ ಕರ್ಸರ್ ಇಟ್ಟು, ಮೂರೂ ಎಣಿಕೆಗಳ ಫಲಿತಾಂಶವನ್ನು ನಿಮ್ಮ ವಿಮ್ ಆವೃತ್ತಿ ಹಾಗೂ ಟರ್ಮಿನಲ್‌ನ ಹೆಸರಿನೊಂದಿಗೆ ಇಲ್ಲಿ ತಿಳಿಸಿ. ‘ಚಾರ್‌ಕಾಲ್’ ಇಲ್ಲದ ಹಳೆಯ ಆವೃತ್ತಿ ಬಳಸುವವರು ಉಳಿದೆರಡನ್ನು ಕಳಿಸಿದರೂ ಉಪಯೋಗವಾಗುತ್ತದೆ.