ಸಹಾಯ ಬೇಕು: ಹೂಮಳೆಯ ನಂತರ ಚಿಗುರಿದ ಎರಡು ಜರೀಗಿಡಗಳ ಗುರುತು

ನಮಸ್ಕಾರ. ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಕಾಫಿ ಹೂವರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಬಿದ್ದು ಎರಡು ವಾರವಾಗಿದ್ದು, ತೋಟದಂಚಿನ ಹಳ್ಳದ ದಂಡೆಯಲ್ಲಿ ಜರೀಗಿಡಗಳ ಕುಡಿಗಳು, ಮುಟ್ಟಿದ ಸಹಸ್ರಪದಿಯಂತೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಿವೆ. ಇವುಗಳಲ್ಲಿ ಕೊಡಗಿನವರು ತೆರ್ಮೆ ಎಂದು ಪಲ್ಯಕ್ಕೆ ಬಳಸುವ ಡಿಪ್ಲೇಜಿಯಂ ಎಸ್ಕುಲೆಂಟಮ್ ಯಾವುದು, ಅದನ್ನೇ ಹೋಲುವ ಕ್ರಿಸ್ಟೆಲ್ಲಾ ಯಾವುದು ಎಂಬುದು ನನಗೆ ಬಗೆಹರಿಯುತ್ತಿಲ್ಲ.

ಬಲಿತ ಎಲೆಯಾದರೆ ಕಷ್ಟವಿಲ್ಲ. ಡಿಪ್ಲೇಜಿಯಂ ಎಲೆಯಡಿಯಲ್ಲಿ ಬೀಜಕಣಗಳ ಗುಂಪು ನರಗಳ ಉದ್ದಕ್ಕೂ ಗೆರೆ ಎಳೆದಂತಿರುತ್ತದೆ, ಕ್ರಿಸ್ಟೆಲ್ಲಾದಲ್ಲಿ ದುಂಡು ಚುಕ್ಕೆಗಳಾಗಿರುತ್ತದೆ. ಆದರೆ ಬೇಸಿಗೆಯಲ್ಲಿ ದಂಡೆ ಸವರುವಾಗ ಹಳೆಯ ಎಲೆಗಳೆಲ್ಲ ಕತ್ತರಿಸಿಹೋದವು; ಸವರಲು ಹೇಳಿದವನು ನಾನೇ ಆದ್ದರಿಂದ ಆಳುಗಳನ್ನು ದೂರುವಂತಿಲ್ಲ. ನರಗಳ ಜೋಡಣೆಯನ್ನಾದರೂ ನೋಡೋಣವೆಂದರೆ, ಅಕ್ಕಪಕ್ಕದ ಕಿರುನರಗಳು ಕೂಡಿಕೊಳ್ಳುವುದು ಎರಡರಲ್ಲಿಯೂ ಇದೆ. ಮೊಬೈಲ್ ಆ್ಯಪ್ ಒಂದೇ ಗಿಡಕ್ಕೆ ಬೆಳಿಗ್ಗೆ ಒಂದು ಹೆಸರು, ಸಂಜೆ ಇನ್ನೊಂದು ಹೆಸರು ಹೇಳಿತು.

ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದಾಗ, ಒಂದರ ಸುರುಳಿಯ ಬುಡದಲ್ಲಿ ಉಜ್ಜಿದರೆ ಉದುರುವ ಕಂದು ಹುರುಪೆಗಳಿದ್ದವು. ಇನ್ನೊಂದರ ಮೈತುಂಬ ಬಿಳಿಯ ನವಿರು ರೋಮಗಳಿದ್ದವು. ಬಿಸಿಲು ದಿಬ್ಬಗಳಲ್ಲಿ ಬೆಳೆಯುವ ಬ್ರೇಕನ್ ಜರಿಯಲ್ಲಿ ಕ್ಯಾನ್ಸರ್‌ಕಾರಕವಾದ ಟಾಕ್ವಿಲೋಸೈಡ್ ಇರುವುದನ್ನು ಓದಿದ್ದರಿಂದ, ಗುರುತು ಖಚಿತವಾಗುವ ತನಕ ಯಾವ ಕುಡಿಯನ್ನೂ ಅಡುಗೆಮನೆಗೆ ತಂದಿಲ್ಲ.

ಬೀಜಕಣಗಳಿಲ್ಲದ ಈ ಎಳೆಯ ಹಂತದಲ್ಲಿ, ಹುರುಪೆ ಮತ್ತು ರೋಮಗಳ ವ್ಯತ್ಯಾಸವೊಂದನ್ನೇ ನಂಬಿ ಇವೆರಡನ್ನು ಬೇರ್ಪಡಿಸಬಹುದೇ, ಅಥವಾ ಎಲೆ ಬಿಚ್ಚಿ ಬಲಿಯುವವರೆಗೆ ಕಾಯಲೇಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.